ವಾರ್ಫರಿನ್ ನಿಲ್ಲಿಸದೆ ಹಲ್ಲು ಕಿತ್ತ ಅನುಭವ

ರಕ್ತ ಬೇಗ ಹೆಪ್ಪುಗಟ್ಟದಂತೆ ತಡೆಯುವ ಬ್ಲಡ್ ಥಿನ್ನರ್ ವಾರ್ಫರಿನ್ ತೆಗೆದುಕೊಳ್ಳುವವರ ದವಡೆಹಲ್ಲು ಕೀಳಬೇಕಾದರೆ ಐದು ದಿನ ಮಾತ್ರೆ ಬಿಡಿಸಲೇಬೇಕು ಎಂದು ಮುಂಬೈ ಬಳಿಯ ಡೊಂಬಿವಲಿಯ ಸಹೋದ್ಯೋಗಿ ದಂತವೈದ್ಯರು ಹಟ ಹಿಡಿದಿದ್ದರು. ಹೃದಯದಲ್ಲಿ ಕೃತಕ ವಾಲ್ವ್ ಇರುವವರಲ್ಲಿ ಹಾಗೆ ಬಿಡಿಸಿದರೆ ವಾಲ್ವಿನ ಮೇಲೇ ಹೆಪ್ಪು ಕೂರಬಹುದು. ನಾನು ಬಿಡಿಸುವುದಿಲ್ಲ. ನೆನಪಿನ ಲೆಕ್ಕದಲ್ಲಿ ಮೂವತ್ತು ಮಂದಿಗೆ ಹೀಗೆ ಕಿತ್ತಾಗಿದೆ. ರಕ್ತ ನಿಲ್ಲದೆ ಮರಳಿ ಬಂದವರು ಇಬ್ಬರೇ.

ಇಂಥವರಲ್ಲೂ ಹೆಪ್ಪು ಕಟ್ಟುತ್ತದೆ, ಆದರೆ ಎಂಜಲಿನಲ್ಲಿರುವ ಪ್ಲಾಸ್ಮಿನೋಜೆನ್ ಆಕ್ಟಿವೇಟರ್ ಎಂಬ ವಸ್ತು ಅದನ್ನು ಕರಗಿಸುತ್ತದೆ. ಮಧ್ಯಾಹ್ನ ನಿಂತ ರಕ್ತ ರಾತ್ರಿ ಜಿನುಗುವುದು ಅದಕ್ಕೇ. ಆ ಕರಗುವಿಕೆಯನ್ನು ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧಿ ತಡೆಯುತ್ತದೆ.

ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಎಂದು ಅಳೆಯುವ ಹಿಂದಿನ ದಿನದ ಐಎನ್‌ಆರ್ 3.5 ದಾಟಿದ್ದರೆ ಮುಟ್ಟುವುದಿಲ್ಲ. (ಹೊಸ ಥಿನ್ನರ್‌ಗಳ ಲೆಕ್ಕವೇ ಬೇರೆ, ಅವಕ್ಕೆ ಐಎನ್‌ಆರ್ ನಂಬಬೇಡಿ.) ಬೆಳಿಗ್ಗೆಯೇ ಕೀಳುತ್ತೇನೆ, ಒಮ್ಮೆಗೆ ಒಂದೆರಡು ಹಲ್ಲು. ಕುಳಿಯಲ್ಲಿ ಗ್ರಾನ್ಯುಲೇಷನ್ ಟಿಶ್ಯೂ (ಸೋಂಕಿನಿಂದ ಬೆಳೆದ, ರಕ್ತನಾಳ ತುಂಬಿದ ಮೆತ್ತನೆ ಮಾಂಸ) ಉಳಿದರೆ ಏನು ಮಾಡಿದರೂ ಜಿನುಗುತ್ತದೆ, ಪೂರ್ತಿ ಕೆರೆಯಬೇಕು. ಆಮೇಲೆ ಕುಳಿಗೆ ಜಿಲೆಟಿನ್ ಸ್ಪಾಂಜ್, ಹೊಲಿಗೆ. ಟ್ರಾನೆಕ್ಸಾಮಿಕ್ ಆಸಿಡ್‌ನ 5 ಮಿ.ಲೀ.ಯ 500 ಮಿ.ಗ್ರಾಂ ಆಂಪೂಲಿನ ದ್ರವದಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು 30 ನಿಮಿಷ ಕಚ್ಚಿಸಬೇಕು. ಹತ್ತೇ ನಿಮಿಷಕ್ಕೆ ತೆಗೆದರೆ ಬಟ್ಟೆಯ ಜೊತೆ ಹೆಪ್ಪೂ ಎದ್ದು ಬರುತ್ತದೆ.

ಮನೆಯಲ್ಲಿ ಬಾಯಲ್ಲಿ ಹಿಡಿಯಲು ಮೊದಲು ಆಂಪೂಲನ್ನೇ ಕೊಡುತ್ತಿದ್ದೆ. ಎರಡು ದಿನಕ್ಕೆ ಎಂಟು ಬೇಕು, ಸುಮಾರು 500 ರೂಪಾಯಿ. ಉಡುಪಿ ಹೋಟೆಲಿನ ಹುಡುಗರಿಗೆ ಅದು ಹೊರೆ. ಈಗ ಅದೇ ಔಷಧಿಯ 500 ಮಿ.ಗ್ರಾಂ ಮಾತ್ರೆಯನ್ನು ಪುಡಿಮಾಡಿ 10 ಮಿ.ಲೀ. ನೀರಿಗೆ ಹಾಕಿಸುತ್ತೇನೆ, 5 ಪ್ರತಿಶತ ಆಗುತ್ತದೆ, ಖರ್ಚು ಮೂರರಲ್ಲೊಂದು. ಮಾತ್ರೆಯ ಚರಟ ಕರಗುವುದಿಲ್ಲ, ತೆಳುಬಟ್ಟೆಯಲ್ಲಿ ಸೋಸಬೇಕು. ದಿನಕ್ಕೆ 4 ಸಲ, 2 ನಿಮಿಷ ಬಾಯಲ್ಲಿ ಹಿಡಿದು, ತಲೆ ಬಗ್ಗಿಸಿ ತಾನಾಗಿ ಸುರಿದುಹೋಗಲು ಬಿಡಬೇಕು. ನುಂಗಬಾರದು.

ಮರಳಿ ಬಂದ ಇಬ್ಬರಲ್ಲಿ ಒಬ್ಬರು ಜೋರಾಗಿ ಮುಕ್ಕಳಿಸಿ ಉಗುಳಿದ್ದರು. ಇನ್ನೊಬ್ಬರದು ನನ್ನದೇ ತಪ್ಪು: ಅಭ್ಯಾಸಬಲದಿಂದ ಸೋಂಕಿನ ಔಷಧಿ ಮೆಟ್ರೋನಿಡಜೋಲ್ ಬರೆದಿದ್ದೆ, ಮೂರನೇ ದಿನಕ್ಕೆ ಐಎನ್‌ಆರ್ ಏರಿತ್ತು. ಬಾಯಿಯ ಶಿಲೀಂಧ್ರಕ್ಕೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ ಹಾಗೇ ಏರಿಸುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಬರೆಯುವುದಿಲ್ಲ.

ಊತಕ್ಕೆ ಕೊಡುವ ಸೆರಾಶಿಯೋಪೆಪ್ಟಿಡೇಸ್ ಬರೆಯುವುದನ್ನೂ ಇವರಿಗೆ ನಿಲ್ಲಿಸಿದ್ದೇನೆ. ಹೆಪ್ಪು ಉಳಿಸಲು ಇಷ್ಟು ಹೆಣಗಿ ಹೆಪ್ಪಿನ ಎಳೆಯಾದ ಫೈಬ್ರಿನ್ ಕರಗಿಸುವ ಎನ್‌ಜೈಮನ್ನು ಯಾಕೆ ಕೊಡಬೇಕು? ಜಪಾನಿನಲ್ಲಿ 2011ರಲ್ಲೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದರು.

ಮಶೇರಿ (ಹುರಿದ ತಂಬಾಕಿನ ಪುಡಿ) ಹಚ್ಚುವವರ ಡ್ರೈ ಸಾಕೆಟ್ (ಹಲ್ಲು ಕಿತ್ತ ಕುಳಿಯ ಹೆಪ್ಪು ಹೋಗಿ ಬರುವ ನೋವು) ತಡೆಯಲು ಇದೇ ನೀರನ್ನು ಕೊಟ್ಟು ನೋಡಿದೆ. ಆರೇಳು ಮಂದಿಯಲ್ಲಿ ಮೂವರಿಗೆ ಆದರೂ ಬಂತು. ಅಲ್ಲಿ ಮೊದಲು ಮಶೇರಿ ಬಿಡಿಸಬೇಕು.