ಅಂಗಡಿಯ ಹಳೇ ಎಸಿ: ಕಂಪ್ರೆಸರ್ ಹಾಕಿಸುವುದಾ, ಮೆಷಿನ್ನೇ ಬದಲಿಸುವುದಾ?

ಮಂಗಳೂರಿನ ಒಂದು ಬಟ್ಟೆ ಅಂಗಡಿಯ ಮೇಂಟೆನೆನ್ಸ್ ನನ್ನ ಕೆಲಸ. ಮೂರು ಮಹಡಿ, ಮಹಡಿಗೊಂದು 11 ಟನ್ನಿನ ಡಕ್ಟೆಬಲ್ ಎಸಿ, ಅಂದರೆ ಕೊಳವೆಯ ಮೂಲಕ ತಂಪು ಗಾಳಿ ಹಂಚುವಂಥದ್ದು. ಮೂರೂ ಆರ್-22 ಅನ್ನುವ ಹಳೇ ಕೂಲಿಂಗ್ ಗ್ಯಾಸಿನ ಕಾಲದವು. ಮದುವೆ ಸೀಸನ್ನಿನಲ್ಲೇ ಸೀರೆ ಮಹಡಿಯ ಕಂಪ್ರೆಸರ್ ಸುಟ್ಟುಹೋಯಿತು. ಹೊಸ ಕಂಪ್ರೆಸರಿನ ಕೊಟೇಶನ್ ಹೊಸ ಮೆಷಿನ್ ಬೆಲೆಯ ಕಾಲು ಭಾಗದಷ್ಟಿತ್ತು. "ಹಾಕಿಸಿ ಮುಗಿಸಿ ಮಾರಾಯ್ರೆ" ಅಂದರು ಧಣಿಗಳು.

ನಾನು ತಾರಸಿಗೆ ಹೋಗಿ ಕಂಡೆನ್ಸರ್ ಕಾಯಿಲ್ (ಶಾಖ ಹೊರಬಿಡುವ ಪೈಪಿನ ಸುರುಳಿ) ನೋಡಿದೆ. ಕಡಲ ಗಾಳಿಯ ಉಪ್ಪು ಅದರ ಮೇಲಿನ ತೆಳು ಅಲ್ಯೂಮಿನಿಯಂ ಪಟ್ಟಿಗಳನ್ನು, ಅಂದರೆ ಫಿನ್ನುಗಳನ್ನು, ತಿಂದುಹಾಕಿತ್ತು. ಬೆರಳಲ್ಲಿ ಸವರಿದರೆ ಬಿಳಿ ಪುಡಿಯಾಗಿ ಉದುರುತ್ತಿತ್ತು. ಕೆಳಗಿನ ಪೈಪಿನ ತಿರುವುಗಳ ಹತ್ತಿರ ಎಣ್ಣೆ ಜಿಡ್ಡು. ಗ್ಯಾಸ್ ಸೋರುವಲ್ಲಿ ಎಣ್ಣೆಯೂ ಹೊರಬರುತ್ತದೆ. ನೈಟ್ರೋಜನ್ ತುಂಬಿಸಿ ಸೋಪಿನ ನೀರು ಹಚ್ಚಿಸಿದರೆ ಅಲ್ಲಲ್ಲಿ ಗುಳ್ಳೆ. ಒಂದೇ ಕಡೆ ಸೋರಿದರೆ ಬ್ರೇಜಿಂಗ್ (ಲೋಹ ಕರಗಿಸಿ ಬೆಸುಗೆ) ಮಾಡಿಸಬಹುದು, ಹೀಗೆ ಎಲ್ಲ ಕಡೆ ಜಿನುಗಿದರೆ ಕಾಯಿಲ್ ಮುಗಿಯಿತು ಅಂತಲೇ. ಫಿನ್ ಉದುರಿದ ಕಾಯಿಲ್ ಶಾಖ ಬಿಡುವುದಿಲ್ಲ, ಕಂಪ್ರೆಸರ್ ಹೊರತಳ್ಳುವ ಗ್ಯಾಸಿನ ಒತ್ತಡ (ಹೆಡ್ ಪ್ರೆಶರ್) ಏರುತ್ತದೆ, ಹೊಸ ಕಂಪ್ರೆಸರೂ ಅದೇ ದಾರಿ ಹಿಡಿಯುತ್ತದೆ.

ಇನ್ನು ಗ್ಯಾಸ್. ಓಝೋನ್ ಪದರ ಉಳಿಸಲು ಆದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಭಾರತದಂಥ ದೇಶಗಳು ಆರ್-22ರ ಬಳಗದ ಗ್ಯಾಸುಗಳನ್ನು 2025ರೊಳಗೆ 67.5% ಇಳಿಸಬೇಕಿತ್ತು. 2030ರ ನಂತರ ರಿಪೇರಿಗೆಂದು ಚೂರುಪಾರು ಮಾತ್ರ. "410ಎ ತುಂಬಿಸಿದರಾಯ್ತಲ್ವಾ?" ಅಂದ ಒಬ್ಬ ಟೆಕ್ನಿಷಿಯನ್. 410ಎ ಬೇರೆಯೇ ಗ್ಯಾಸ್, ಅದರ ಪ್ರೆಶರ್ ಆರ್-22ರ ಒಂದೂವರೆ ಪಟ್ಟಿಗೂ ಮಿಗಿಲು, ಎಣ್ಣೆಯೂ ಬೇರೆ. ಹಳೇ ಮೆಷಿನ್ನಿಗೆ ಆ ಮಾತೇ ಇಲ್ಲ. ಹೊಸದೇ ಬೇಕು ಅಂತ ಧಣಿಗಳಿಗೆ ಹೇಳಿದೆ.

ಹಾಗಂತ ಮೂರನ್ನೂ ಬದಲಿಸಲಿಲ್ಲ. ಮಕ್ಕಳ ಬಟ್ಟೆಯ ಮಹಡಿಯ ಔಟ್‌ಡೋರ್ ಯೂನಿಟ್ ಕಟ್ಟಡದ ಹಿಂದೆ, ಗಾಳಿಗೆ ಮರೆಯಲ್ಲಿದೆ. ಕಾಯಿಲ್ ಗಟ್ಟಿಮುಟ್ಟು. ಕ್ಲ್ಯಾಂಪ್ ಮೀಟರ್ ಹಿಡಿದರೆ ಮೂರೂ ಫೇಸಿನ ಕರೆಂಟು ನೇಮ್‌ಪ್ಲೇಟಿನ ಮಿತಿಯೊಳಗೇ ಇತ್ತು. ಫ್ಯಾನ್ ಮೋಟಾರಿನ ಬೇರಿಂಗ್, ಕಾಂಟ್ಯಾಕ್ಟರ್ (ಕರೆಂಟ್ ಹಾಕಿ ತೆಗೆಯುವ ಸ್ವಿಚ್) ಬದಲಿಸಿ ಸುಮ್ಮನಾದೆ.

ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ಟನ್ ಲೆಕ್ಕಕ್ಕೆ. ಬಂದ ಕೊಟೇಶನ್ನೆಲ್ಲ 11ಕ್ಕೆ 11. ಹಳೇದನ್ನು ನೋಡಿ ಅದೇ ಅಂಕಿ ಬರೆದುಕೊಡುವುದು ಸುಲಭ ಅಲ್ವಾ! ಆದರೆ ಸೀರೆ ಮಹಡಿಯಲ್ಲಿ ಆಗ ಇದ್ದದ್ದು 50 ವ್ಯಾಟಿನ 150 ಹ್ಯಾಲೊಜನ್ ದೀಪ, ಈಗ ಇರುವುದು ಅಷ್ಟೇ ಸಂಖ್ಯೆಯ 7 ವ್ಯಾಟಿನ ಎಲ್‌ಇಡಿ. ಅಲ್ಲೇ 6.45 ಕಿಲೋವ್ಯಾಟ್ ಶಾಖ ಕಡಿಮೆ. ಒಂದು ಟನ್ ಅಂದರೆ ಸುಮಾರು 3.5 ಕಿಲೋವ್ಯಾಟ್, ಹಾಗಾಗಿ 1.8 ಟನ್ ಉಳಿತಾಯ. ಜನ, ಗಾಜು, ಬಾಗಿಲು ಎಲ್ಲ ಸೇರಿಸಿ ಲೆಕ್ಕ ಹಾಕಿಸಿದಾಗ 8.5 ಟನ್ ಸಾಕಾಯಿತು.

"ದೊಡ್ಡದೇ ಇರಲಿ, ನಷ್ಟ ಏನು?" ಅಂತ ಧಣಿಗಳು ಕೇಳಿದರು. ಬರೀ ಕರೆಂಟಿನ ಮಾತಲ್ಲ. ದೊಡ್ಡ ಮೆಷಿನ್ ಬೇಗ ತಂಪು ಮಾಡಿ ಕಟ್ ಆಗುತ್ತದೆ, ತೇವ ಎಳೆಯುವಷ್ಟು ಹೊತ್ತು ಓಡುವುದೇ ಇಲ್ಲ. ಮಳೆಗಾಲದಲ್ಲಿ ರೇಷ್ಮೆ ಸೀರೆಗಳು ಮುಗ್ಗಲು ವಾಸನೆ ಬರುತ್ತಿದ್ದುದು ನೆನಪಾಗಿ ಅವರು ಮತ್ತೆ ಮಾತಾಡಲಿಲ್ಲ.

ಹೊಸದಕ್ಕೆ ಉಪ್ಪು ತಡೆಯುವ ಕೋಟಿಂಗ್ ಇರುವ ಕಾಯಿಲ್ ಕೇಳಿ ಪಡೆದೆ. ತಿಂಗಳಿಗೊಮ್ಮೆ ಸಿಹಿನೀರಲ್ಲಿ ತೊಳೆಯಬೇಕು ಅಂತ ಎಎಂಸಿಯಲ್ಲೇ (ವಾರ್ಷಿಕ ಸರ್ವಿಸ್ ಕರಾರು) ಬರೆಸಿದ್ದೇನೆ. ಮೂರನೇ ಮೆಷಿನ್ನಿನ ಫಿನ್ ಅರ್ಧ ಸವೆದಿದೆ. ಅದಕ್ಕೆ ಸಣ್ಣಪುಟ್ಟ ರಿಪೇರಿ ಮಾತ್ರ, ಕಾಯಿಲ್ ಸೋರಿತೋ, ಬದಲಿ.