ಸಿಟ್ಟು ಬೇಗ ಬರುವವರಿಗೆ ಮೈತ್ರಿ ಧ್ಯಾನ

ಮಂಗಳೂರಿನ ಪಂಪ್‌ವೆಲ್ ಸರ್ಕಲ್‌ನಲ್ಲಿ ಹಿಂದಿನ ಬಸ್ಸಿನವ ಹಾರ್ನ್ ಒತ್ತಿ ಹಿಡಿದಾಗ ದವಡೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ. ಸಿಟ್ಟನ್ನು ಹಿಡಿಯಬೇಕಾದ್ದು ಅಲ್ಲೇ, ಮಾತು ಹೊರಬೀಳುವ ಮೊದಲು. ‘ಸಿಟ್ಟು ಬಂದಿದೆ’ ಎಂದು ಮನಸ್ಸಲ್ಲೇ ಗುರುತಿಸಿ, ಹತ್ತು ಉಸಿರು ಗಮನಿಸಿ. ಅದುಮಬೇಡಿ. ಅದುಮಿದ್ದು ಮನೆಯಲ್ಲಿ ಮಕ್ಕಳ ಮೇಲೆ ಹೊರಡುತ್ತದೆ.

ದಿನಾ ಬೆಳಿಗ್ಗೆ 15 ನಿಮಿಷ ಕೂತು ‘ಸುಖವಾಗಿರಲಿ’ ಎಂದು ಹಾರೈಸಿ, ಮೈತ್ರಿ ಧ್ಯಾನ ಅಂದರೆ ಇದೇ. ಮೊದಲು ನಿಮಗೆ, ಮತ್ತೆ ಪ್ರೀತಿಯವರಿಗೆ, ಆಮೇಲೆ ದಿನಾ ನೋಡುವ ಮೀನು ಮಾರುವ ಅಕ್ಕನಂಥವರಿಗೆ, ಕೊನೆಗೆ ಸಿಟ್ಟು ಬರಿಸುವವರಿಗೆ. ಹೆಚ್ಚಿನವರು ಎಡವುವುದು ಇಲ್ಲೇ ಮಾರಾಯ್ರೇ: ವೈರಿಯಿಂದಲೇ ಶುರು ಮಾಡುತ್ತಾರೆ, ಹಳೆಯದೆಲ್ಲ ನೆನಪಾಗಿ ಸಿಟ್ಟು ಇಮ್ಮಡಿಯಾಗುತ್ತದೆ. ಪಾಲಿ ಭಾಷೆಯ ಹಳೆಯ ಬೌದ್ಧ ಗ್ರಂಥಗಳೂ ಹಾಗೆ ಮಾಡಬಾರದು ಎನ್ನುತ್ತವೆ. ಮನಸ್ಸು ಗಡುಸಾದ ಕೂಡಲೇ ಪ್ರೀತಿಯವರ ಮುಖಕ್ಕೆ ವಾಪಸ್ ಬನ್ನಿ, ಎದೆ ಹಗುರಾದ ಮೇಲೆಯೇ ಮುಂದಿನವರು.

ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ 968ರ ಕಂಚಿನ ಲೋಕೇಶ್ವರ ಮೂರ್ತಿ ಉಂಟು. ಹಲವು ಇತಿಹಾಸಕಾರರು ಅದನ್ನು ಬೌದ್ಧರ ಕರುಣೆಯ ಬೋಧಿಸತ್ವನದ್ದೆಂದು (ಬೋಧಿಸತ್ವ ಅಂದರೆ ಬುದ್ಧನಾಗುವ ಹಾದಿಯಲ್ಲಿರುವವ) ಗುರುತಿಸುತ್ತಾರೆ. ಕಣ್ಣು ಮುಚ್ಚಿದರೆ ಮನಸ್ಸು ನಿಲ್ಲದವರು ಆ ಶಾಂತ ಮುಖವನ್ನು ನೆನೆದು ಶುರು ಮಾಡಬಹುದು.