ಒಂದೇ ಆರೋಪದ ದೂರು: ಶಿಸ್ತು ಸಮಿತಿಯ ಮುಂದೆ ನನ್ನ ಅನುಭವ

ವೃತ್ತಿಬಾಂಧವ ವಕೀಲರೊಬ್ಬರ ಮೇಲೆ ಕಕ್ಷಿದಾರರ ಪರವಾಗಿ ರಾಜ್ಯ ವಕೀಲರ ಪರಿಷತ್ತಿಗೆ ಶಿಸ್ತು ದೂರು ಬರೆಯುತ್ತಿದ್ದೇನೆಂದು ಹಾಸನದ ನ್ಯಾಯಾಲಯದ ಆವರಣದಲ್ಲಿ ನಾನು ಹೇಳಿದಾಗ, ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಟ್ಟು, "ಅಲ್ಲಯ್ಯ, ವಕೀಲಿ ಮಾಡುವ ಸನ್ನದು ಹಾಗೆಲ್ಲ ಹೋಗುತ್ತದೆಯೇ? ನಾಳೆ ನಿನ್ನ ಮೇಲೂ ಒಬ್ಬ ಹಾಕುತ್ತಾನೆ" ಎಂದಿದ್ದರು. ಅವರ ಅನುಮಾನ ಸುಳ್ಳೇನಲ್ಲ. ಅದಕ್ಕೆ ಐದಾರು ವರ್ಷ ಮೊದಲು ನಾನು ಬರೆದುಕೊಟ್ಟಿದ್ದ ಇಂಥದ್ದೇ ದೂರು ವಜಾ ಆಗಿತ್ತು.

ಆ ಮೊದಲ ದೂರಿನಲ್ಲಿ ಒಂಬತ್ತು ಆರೋಪಗಳನ್ನು ತುಂಬಿದ್ದೆ. ನಕಲಿ ಸಹಿ, ದಾವೆಯ ಎದುರು ಪಕ್ಷದವರೊಂದಿಗೆ ಶಾಮೀಲು, ಹಣ ದುರುಪಯೋಗ, ಬೈಗುಳ, ಯಾವುದನ್ನೂ ಬಿಟ್ಟಿರಲಿಲ್ಲ. ದೂರಿನ ವಿಷಯ ನಿಜವೆಂದು ದೃಢೀಕರಿಸುವ ಸತ್ಯಾಪನೆಯ ಕೆಳಗೆ ಕಕ್ಷಿದಾರರ ಸಹಿ ಹಾಕಿಸುವುದನ್ನು ಮರೆತು, ಅರ್ಜಿ ವಾಪಸು ಬಂದಾಗ ಸುಮಾರು ಎರಡು ತಿಂಗಳು ಕಳೆದುಕೊಂಡೆ. ಅದಕ್ಕಿಂತ ದೊಡ್ಡ ಪೆಟ್ಟು ಪಾಟಿ ಸವಾಲಿನಲ್ಲಿ ಬಿತ್ತು. "ಬಂದ ಪರಿಹಾರದಲ್ಲಿ ಪಾಲು ಕೊಡುವುದಾಗಿ ನೀವೇ ಒಪ್ಪಿದ್ದಿರಲ್ಲವೇ?" ಎಂಬ ಪ್ರಶ್ನೆಗೆ ನನ್ನ ಕಕ್ಷಿದಾರರು ಪ್ರಾಮಾಣಿಕವಾಗಿ ಹೌದೆಂದುಬಿಟ್ಟರು. ದುರ್ನಡತೆಯ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಕ್ರಿಮಿನಲ್ ಪ್ರಕರಣಕ್ಕೆ ಹತ್ತಿರವಾದ ಬಿಗಿಯಲ್ಲಿ ತೂಗುತ್ತಾರೆ. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಎದುರು ನಿಂತರೆ ಸಂಶಯದ ಲಾಭ ಎದುರುದಾರ ವಕೀಲರಿಗೇ ಹೋಗುತ್ತದೆ. ನನ್ನ ಎಂಟು ಆರೋಪಗಳು ಒಂಬತ್ತನೆಯದನ್ನೂ ಮುಳುಗಿಸಿದವು.

ಎರಡನೆಯ ಸಲ ಬಂದವರು ಆಲೂರು ಕಡೆಯ ವೃದ್ಧ ರೈತರು. ಹೇಮಾವತಿ ಯೋಜನೆಗೆ ಹೋದ ಜಮೀನಿನ ಹೆಚ್ಚುವರಿ ಪರಿಹಾರವನ್ನು ವಸೂಲಿ ಮಾಡಲು ನ್ಯಾಯಾಲಯದಲ್ಲಿ ಅಮಲ್ಜಾರಿ ಅರ್ಜಿ ನಡೆದಿತ್ತು. ವಕಾಲತ್ತಿನಲ್ಲಿ ಹಣ ಪಡೆಯುವ ಅಧಿಕಾರ ಬರೆಸಿಕೊಂಡಿದ್ದ ವಕೀಲರು ಕೊನೆಯ ಕಂತು ಸುಮಾರು ನಾಲ್ಕೂವರೆ ಲಕ್ಷವನ್ನು ತಾವೇ ಪಡೆದು, ಇನ್ನೂ ಠೇವಣಿ ಆಗಿಲ್ಲವೆಂದು ಎರಡು ವರ್ಷ ಹೇಳುತ್ತಾ ಬಂದಿದ್ದರು. ಈ ಬಾರಿ ವಂಚನೆ, ನಂಬಿಕೆದ್ರೋಹ ಎಂಬ ಶಬ್ದಗಳನ್ನೇ ದೂರಿನಲ್ಲಿ ಬಳಸಲಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ 27ರಂತೆ, ಕಕ್ಷಿದಾರರ ಪರವಾಗಿ ಬಂದ ಹಣದ ವಿಷಯವನ್ನು ಆದಷ್ಟು ಬೇಗ ಅವರಿಗೆ ತಿಳಿಸಬೇಕು. ತಿಳಿಸಿಲ್ಲ, ಲೆಕ್ಕ ಕೊಟ್ಟಿಲ್ಲ, ಅಷ್ಟೇ. ನ್ಯಾಯಾಲಯದಿಂದ ಹಣ ಪಡೆಯಲು ಅವರು ಹಾಕಿದ್ದ ಚೆಕ್ ಅರ್ಜಿ, ಅದರ ಮೇಲಿನ ಆದೇಶ, ಪಾವತಿಯ ನಮೂದು, ಈ ಮೂರರ ದೃಢೀಕೃತ ನಕಲುಗಳನ್ನು ಲಗತ್ತಿಸಿ, ವಕೀಲರ ಅಧಿನಿಯಮದ 42ನೆಯ ಕಲಮಿನಂತೆ ಬ್ಯಾಂಕಿನ ದಾಖಲೆ ತರಿಸಬೇಕೆಂದು ಸಮಿತಿಯನ್ನು ಕೋರಿದೆ. ಇಲ್ಲಿಯೂ ಇದ್ದ ಪಾಲಿನ ಒಪ್ಪಂದದ ಮಾತನ್ನು ಮುಚ್ಚಿಡದೆ ದೂರಿನ ಎರಡನೆಯ ಪ್ಯಾರಾದಲ್ಲೇ ಬರೆದುಬಿಟ್ಟೆ. ಫಲಿತಾಂಶದ ಮೇಲೆ ಶುಲ್ಕ ಗೊತ್ತುಮಾಡುವುದನ್ನೂ ಬಂದ ಹಣದಲ್ಲಿ ಪಾಲು ಪಡೆಯುವುದನ್ನೂ ನಿಯಮ 20 ವಕೀಲರಿಗೆ ನಿಷೇಧಿಸಿರುವುದರಿಂದ, ಪಾಟಿ ಸವಾಲಿನಲ್ಲಿ ಆ ಪ್ರಶ್ನೆ ಕೇಳಿದರೆ ಕೇಳಿದವರಿಗೇ ತಿರುಗುಬಾಣವಾಗುತ್ತಿತ್ತು. ಅವರು ಕೇಳಲೇ ಇಲ್ಲ.

ದೂರಿಗೆ ಮೊದಲು ಕಳಿಸಿದ ನೋಟೀಸಿನಲ್ಲಿ ಒಂದು ವಾಕ್ಯವಿತ್ತು. ಅದಕ್ಕೆ ಉತ್ತರಿಸುವ ಭರದಲ್ಲಿ ಅವರು ಹಣ ಪಡೆದ ದಿನಾಂಕವನ್ನು ತಮ್ಮ ಕೈಯಾರೆ ಬರೆದುಕೊಟ್ಟರು. ಆ ವಾಕ್ಯವನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಎರಡು ಕಡತಗಳಲ್ಲಿ ಅದರ ಕೆಲಸವಿದೆ.

ಇದೇ ಕಾಲದಲ್ಲಿ ಬೇರೆ ದಾರಿಗಳನ್ನೂ ಪ್ರಯತ್ನಿಸಿದ್ದೆ. ಇನ್ನೊಬ್ಬ ಕಕ್ಷಿದಾರರಿಂದ ಗ್ರಾಹಕರ ಆಯೋಗಕ್ಕೆ ಅರ್ಜಿ ಹಾಕಿಸಿ ಮೂರು ವರ್ಷ ಓಡಾಡಿದೆ. 2024ರ ಮೇ ತಿಂಗಳಲ್ಲಿ, ವಕೀಲರ ಸೇವೆಗೆ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ ಮೇಲೆ ಆ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ಶುಲ್ಕ ಬಾಕಿಯೆಂದು ಕಡತ ಹಿಡಿದಿಟ್ಟುಕೊಂಡಿದ್ದ ಮತ್ತೊಬ್ಬರಿಗೆ ಮಾತ್ರ, ಶುಲ್ಕಕ್ಕಾಗಿ ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂಬ 2000ದ ಆರ್.ಡಿ. ಸಕ್ಸೇನಾ ತೀರ್ಪನ್ನು ಉಲ್ಲೇಖಿಸಿ ಒಂದು ಪುಟದ ಪತ್ರ ಬರೆದೆ. ಎಂಟೊಂಬತ್ತು ದಿನಗಳಲ್ಲಿ ಕಡತ ಕೈಸೇರಿತು.

ಮೂಲ ಪ್ರಕರಣಕ್ಕೆ ಬರುತ್ತೇನೆ. ದೂರನ್ನು ಪರಿಷತ್ತು ಶಿಸ್ತು ಸಮಿತಿಗೆ ಒಪ್ಪಿಸಿದ ಕೆಲವೇ ತಿಂಗಳಲ್ಲಿ ಎದುರುದಾರರು ಪೂರ್ತಿ ಹಣವನ್ನು ಹಿಂದಿರುಗಿಸಿದರು. ರೈತರು ಸಂತೋಷದಿಂದ ಬಂದು, "ಸಾಕು ಸ್ವಾಮಿ, ಅವರಿಗೂ ಹೆಂಡ್ತಿ ಮಕ್ಕಳಿದಾರೆ, ಕೇಸು ವಾಪಸ್ ತಗೊಳ್ಳೋಣ" ಎಂದರು. ರಾಜಿಯಾದ, ದೂರುದಾರರು ಮುಂದುವರಿಯಲು ಒಪ್ಪದ ಕಾರಣ ಮಾತ್ರಕ್ಕೆ ಶಿಸ್ತು ವಿಚಾರಣೆಯನ್ನು ಕೈಬಿಡುವಂತಿಲ್ಲ ಎಂಬುದನ್ನು ಅವರಿಗೆ ಮನದಟ್ಟು ಮಾಡಲು ಇಡೀ ಸಂಜೆ ಹಿಡಿಯಿತು. ನ್ಯಾಯಾಲಯದ ದಾವೆಯಂತೆ ಇದು ಇಬ್ಬರ ನಡುವಿನ ಜಗಳವಲ್ಲ. ದೂರು ಕೊಟ್ಟವರು ಹಿಂದೆ ಸರಿದರೂ ಪರಿಷತ್ತು ಮತ್ತು ವಕೀಲರ ನಡುವಿನ ವಿಚಾರವಾಗಿ ಅದು ಉಳಿಯುತ್ತದೆ. ಮನಸ್ಸಿಲ್ಲದ ಮನಸ್ಸಿನಿಂದ ಅವರು ಸಾಕ್ಷಿ ಹೇಳಿದರು. ದಾಖಲೆಗಳೇ ಮಾತನಾಡುತ್ತಿದ್ದುದರಿಂದ ಅವರ ಸಾಕ್ಷ್ಯ ಅರ್ಧ ಗಂಟೆಯೂ ಹಿಡಿಯಲಿಲ್ಲ.

ವಕೀಲರ ಅಧಿನಿಯಮದ 35ನೆಯ ಕಲಮಿನಲ್ಲಿ ದೂರನ್ನು ವಜಾ ಮಾಡುವುದನ್ನು ಬಿಟ್ಟರೆ ವಾಗ್ದಂಡನೆ, ಅಮಾನತು, ಪಟ್ಟಿಯಿಂದ ಹೆಸರು ತೆಗೆಯುವುದು ಇವೆ. ನಾನು ಕೊನೆಯದನ್ನೇ ಕೇಳಿದ್ದೆ. ಹಣ ಹಿಂದಿರುಗಿದ್ದರಿಂದ ಮೂರು ವರ್ಷದ ಅಮಾನತಿಗೆ ನಿಂತಿತು. ಅರುವತ್ತು ದಿನಗಳ ಗಡುವಿನೊಳಗೆ ಆ ವಕೀಲರು ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ಮೇಲ್ಮನವಿ ಹೋದರು. ಅಲ್ಲಿ ಅವಧಿ ಒಂದೂವರೆ ವರ್ಷಕ್ಕೆ ಇಳಿಯಿತಾದರೂ ದುರ್ನಡತೆಯೆಂಬ ತೀರ್ಮಾನ ಉಳಿಯಿತು. ನಮ್ಮ ಆವರಣದಲ್ಲಿ ಅಂಥ ಆದೇಶವನ್ನು ಕೈಯಲ್ಲಿ ಹಿಡಿದು ಬಂದವನು, ನನಗೆ ತಿಳಿದ ಮಟ್ಟಿಗೆ, ನಾನೊಬ್ಬನೇ. ಕಾಫಿ ಲೋಟ ಕೆಳಗಿಟ್ಟಿದ್ದ ಹಿರಿಯರು ಆದೇಶದ ಪ್ರತಿಯನ್ನು ಮನೆಗೆ ಒಯ್ದರು, ಇನ್ನೂ ಕೊಟ್ಟಿಲ್ಲ.

ಶಿಸ್ತು ಸಮಿತಿಯ ಮುಂದೆ ಹಾಜರಾಗಲು ಬೆಂಗಳೂರಿಗೆ ಹತ್ತು ಹನ್ನೆರಡು ಸಲ ಹೋಗಿ ಬಂದಿದ್ದೇನೆ. 2017ರಲ್ಲಿ ಶ್ರವಣಬೆಳಗೊಳದ ಮೇಲೆ ರೈಲು ಶುರುವಾಗಿದ್ದರಿಂದ ಪ್ರಯಾಣದ ಖರ್ಚು ಇಳಿಯಿತು. ಆದರೂ ನಕಲು, ಶುಲ್ಕ, ಟೈಪಿಂಗ್, ಊಟ ಎಲ್ಲ ಸೇರಿ ನಲವತ್ತು ಸಾವಿರದ ಆಸುಪಾಸು ಆಗಿರಬೇಕು. ರೈತರು ಬಂದ ಹಣದಲ್ಲಿ ಹತ್ತನೆಯ ಒಂದು ಭಾಗ ತೆಗೆದುಕೊಳ್ಳಿರೆಂದು ನೋಟಿನ ಕಟ್ಟನ್ನೇ ಮೇಜಿನ ಮೇಲಿಟ್ಟರು. ನಾನೇ ಉಲ್ಲೇಖಿಸಿದ ನಿಯಮ 20 ನೆನಪಾಗಿ, ಮೊದಲೇ ಗೊತ್ತುಮಾಡಿಕೊಂಡಿದ್ದ ಹದಿನೈದು ಸಾವಿರ ಎಣಿಸಿಕೊಂಡು, ರಸೀದಿ ಬರೆದುಕೊಟ್ಟು, ಉಳಿದದ್ದನ್ನು ಅವರ ಚೀಲಕ್ಕೇ ಹಾಕಿಸಿದೆ.